ಎದುರಿಗೆ ಕೂತ ಪಕ್ಕವಾದ್ಯ



ನಾನೀಗ ಮಾತಾಡುತ್ತಿರುವ ಹೊತ್ತಿನಲ್ಲಿ ನೀವು ಏನು ಮಾಡುತ್ತಿದ್ದೀರೋ ನನಗೆ ಗೊತ್ತಿಲ್ಲ. ಕಡೂರಿನ ಯಾವುದೋ ಅಡುಗೆಮನೆಯಲ್ಲಿ ಒಗ್ಗರಣೆ ಚಟಗುಟ್ಟುತ್ತಿರಬಹುದು. ತರೀಕೆರೆ ಕಡೆಯ ತೋಟದ ಮನೆಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿರಬಹುದು. ಅಜ್ಜಂಪುರದಲ್ಲಿ ಈರುಳ್ಳಿ ಚೀಲದ ಬಾಯಿ ಹೊಲಿಯುತ್ತಿರಬಹುದು. ಬೇಸರವಾದರೆ ಗುಂಡಿ ತಿರುಗಿಸಿ ನನ್ನ ಬಾಯಿ ಮುಚ್ಚಿಸಲೂಬಹುದು. ಅದರಿಂದ ನನಗೇನೂ ಬೇಜಾರಿಲ್ಲ. ಯಾಕೆಂದರೆ ಅದು ನನಗೆ ಕೇಳಿಸುವುದೇ ಇಲ್ಲ.

ಬಾನುಲಿಯ ಸುಖವೇ ಇದು. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಆ ಪುಟ್ಟ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು. ಅರಮನೆಯಲ್ಲಿ, ದೇವಸ್ಥಾನದಲ್ಲಿ, ಸಿರಿವಂತರ ಮದುವೆ ಚಪ್ಪರದಲ್ಲಿ ಮಾತ್ರ ಸಿಗುತ್ತಿದ್ದ ಸಂಗೀತ ಕ್ರಮೇಣ ಎಲ್ಲರ ಮನೆಯೊಳಕ್ಕೆ ಬಂದು ಕೂತಿತು. ನಾವು ಮಾತಾಡುತ್ತ ಕೇಳಿದೆವು, ಉಣ್ಣುತ್ತ ಕೇಳಿದೆವು, ನಿದ್ದೆ ಹೋಗುತ್ತ ಕೇಳಿದೆವು. ಹಾಡುವವರಿಗೆ ಇದೊಂದೂ ತಿಳಿಯಲಿಲ್ಲ. ಆಮೇಲೆ ಟೇಪ್ ರೆಕಾರ್ಡರ್, ಟಿ.ವಿ., ಮೊಬೈಲ್ ಎಲ್ಲ ಬಂದು ಆ ಅಭ್ಯಾಸ ಇನ್ನಷ್ಟು ಗಟ್ಟಿಯಾಯಿತು.

ತೊಂದರೆ ಬರುವುದು ಅದೇ ಅಭ್ಯಾಸವನ್ನು ಜೇಬಿನಲ್ಲಿಟ್ಟುಕೊಂಡು ಕಛೇರಿಗೆ ಹೋದಾಗ. ಅಲ್ಲಿ ನಮಗೆ ಹಾಡುಗಾರರು ಕೇಳಿಸುವ ಹಾಗೆ ಹಾಡುಗಾರರಿಗೂ ನಾವು ಕೇಳಿಸುತ್ತೇವೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿಸ್ತಾರ.

ನಮ್ಮ ಸೀಮೆಯ ನಕ್ಷೆಯನ್ನು ಒಮ್ಮೆ ನೆನೆಸಿಕೊಳ್ಳಿ. ಬೆಂಗಳೂರಿನ ಕಡೆಯಿಂದ ಬರುವ ರೈಲು ಕಡೂರು ದಾಟಿ ಬೀರೂರಿಗೆ ಬಂದರೆ ಹಳಿ ಕವಲೊಡೆಯುತ್ತದೆ. ಒಂದು ಹಳಿ ಅಜ್ಜಂಪುರ, ಶಿವನಿ ದಾಟಿ ಹುಬ್ಬಳ್ಳಿಯ ದಿಕ್ಕಿಗೆ ಹೋಗುತ್ತದೆ. ಇನ್ನೊಂದು ತರೀಕೆರೆ, ಭದ್ರಾವತಿಯ ಮೇಲೆ ಶಿವಮೊಗ್ಗಕ್ಕೆ. ಸಂಗೀತದ ಮಟ್ಟಿಗೂ ನಾವು ಜಂಕ್ಷನ್ನಿನ ಜನವೇ. ತೆಂಕಲಿಂದ ಮೈಸೂರು, ಬೆಂಗಳೂರಿನ ಕರ್ನಾಟಕ ಸಂಗೀತ ಬಂತು. ಬಡಗಲಿಂದ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಅವರಂಥವರ ಹಿಂದೂಸ್ತಾನಿ ಸಂಗೀತ ಬಂತು. ಎರಡಕ್ಕೂ ಕಿವಿಗೊಟ್ಟ ಮನೆಗಳು ನಮ್ಮಲ್ಲಿವೆ.

ಕೇಳುವ ರೀತಿ ಮಾತ್ರ ಎರಡರಲ್ಲೂ ಒಂದೇ ಅಲ್ಲ. ಹಿಂದೂಸ್ತಾನಿ ಸಭೆಯಲ್ಲಿ ಗಾಯಕರು ಸುತ್ತಿ ಸುಳಿದು ಸಮ್ಮಿಗೆ ಬಂದು ಇಳಿದಾಗ ‘ವಾಹ್’ ಎನ್ನದೆ ಕೂರುವುದೇ ಕಷ್ಟ. ಕರ್ನಾಟಕ ಕಛೇರಿಯಲ್ಲಿ ‘ಭೇಷ್’, ‘ಆಹಾ’ ಉಂಟು. ಜೊತೆಗೆ ತೊಡೆಯ ಮೇಲೆ ತಾಳ, ತಲೆದೂಗು, ನಾಲಿಗೆಯಲ್ಲೊಂದು ‘ಚ್ಚು ಚ್ಚು’. ಹೊರಗಿನವರು ಕಂಡರೆ ಮರುಕಪಡುತ್ತಿದ್ದಾರೆಂದು ತಿಳಿದಾರು. ಅದು ಮೆಚ್ಚಿಕೆ. ಎರಡು ಕಡೆಯೂ ಉಸಿರು ಬಿಗಿಹಿಡಿದು ಮಿಸುಕದೆ ಕೂತಿರಿ ಎಂದು ಯಾರೂ ಹೇಳಿದ್ದಿಲ್ಲ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಸಭಾಮರ್ಯಾದೆ ಎಂದರೆ ಪಟ್ಟಣದಿಂದ ತಂದ ನಾಜೂಕು, ದೊಡ್ಡವರ ಶಿಸ್ತು ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಪಶ್ಚಿಮದವರ ಸಭೆಯನ್ನು ಉದಾಹರಣೆ ಕೊಡುವವರೂ ಇದ್ದಾರೆ. ಅಲ್ಲಿ ಒಂದು ಕೃತಿಯ ನಾಲ್ಕು ಭಾಗವೂ ಮುಗಿಯುವ ತನಕ ಯಾರೂ ಚಪ್ಪಾಳೆ ತಟ್ಟುವುದಿಲ್ಲವಂತೆ ಎನ್ನುತ್ತಾರೆ. ಆದರೆ ಅವರಲ್ಲಿಯೂ ಇದು ಹಳೆಯ ಪದ್ಧತಿಯಲ್ಲ. 1778ರಲ್ಲಿ ಮೊಟ್ಸಾರ್ಟ್ ಪ್ಯಾರಿಸ್ಸಿನಿಂದ ತನ್ನ ತಂದೆಗೆ ಒಂದು ಕಾಗದ ಬರೆದ. ಇಂಥ ಜಾಗದಲ್ಲಿ ಜನ ಮೆಚ್ಚಿಯೇ ಮೆಚ್ಚುತ್ತಾರೆಂದು ಎಣಿಸಿ ಸ್ವರ ಜೋಡಿಸಿದ್ದೆ, ವಾದ್ಯಗಳು ನುಡಿಯುತ್ತಿರುವಾಗಲೇ ಸಭೆ ಚಪ್ಪಾಳೆ ತಟ್ಟಿತು ಎಂದು ಅದರಲ್ಲಿ ಹಿಗ್ಗಿ ಹೇಳಿಕೊಂಡಿದ್ದಾನೆ. ಹಾಗಾಗಿ ಮೌನವೊಂದೇ ಮರ್ಯಾದೆಯಲ್ಲ. ಎಲ್ಲಿ ಸುಮ್ಮನಿರಬೇಕು, ಎಲ್ಲಿ ದನಿಗೂಡಿಸಬೇಕು ಎಂಬುದನ್ನು ಬಲ್ಲವನೇ ಒಳ್ಳೆಯ ಕೇಳುಗ.

ಈ ಬಲ್ಮೆ ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದ ಇತ್ತು. ಅಜ್ಜಿ ಕತೆ ಹೇಳುವಾಗ ‘ಹ್ಞೂಂ’ಗುಟ್ಟಲು ಒಂದು ಮಗು ಬೇಕಿತ್ತು. ಹ್ಞೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಹರಿಕಥೆಯ ದಾಸರು ನಾಮಸ್ಮರಣೆ ಎತ್ತಿಕೊಟ್ಟಾಗ ಸಭೆಯೆಲ್ಲ ಒಂದೇ ದನಿಯಲ್ಲಿ ಹೇಳುತ್ತಿತ್ತು. ಅವರು ಮತ್ತೆ ಕಥೆ ಹಿಡಿದಾಗ ಪಿಟ್ಟೆನ್ನುತ್ತಿರಲಿಲ್ಲ. ಶ್ರಾವಣದಲ್ಲಿ ಜೈಮಿನಿ ಭಾರತ ಓದಿಸುವ ಮನೆಗಳಲ್ಲಿ ಒಬ್ಬರು ರಾಗವಾಗಿ ವಾಚನ ಮಾಡುತ್ತಿದ್ದರು, ಇನ್ನೊಬ್ಬರು ಅರ್ಥ ಬಿಡಿಸುತ್ತಿದ್ದರು. ವಾಚನದ ಹೊತ್ತಿಗೆ ಮೌನ, ವ್ಯಾಖ್ಯಾನದ ಹೊತ್ತಿಗೆ ನಗು, ನಿಟ್ಟುಸಿರು, ‘ಹೌದೌದು’. ಅದನ್ನು ಯಾರೂ ಬೋರ್ಡಿನಲ್ಲಿ ಬರೆದು ತಗುಲಿಹಾಕಿರಲಿಲ್ಲ.

ಆ ಜೈಮಿನಿ ಭಾರತ ಬರೆದ ಲಕ್ಷ್ಮೀಶ ನಮ್ಮ ಕಡೂರು ತಾಲೂಕಿನ ದೇವನೂರಿನವನು. ಅವನನ್ನು ಕನ್ನಡಿಗರು ಕರೆದದ್ದು ‘ನಾದಲೋಲ’ ಎಂದು. ಕವಿಗೆ ಕಿವಿಯ ಕಡೆಯಿಂದ ಬಂದ ಬಿರುದು ಇದು. ಕಣ್ಣಿನಲ್ಲಿ ಓದುವುದಕ್ಕಿಂತ ಬಾಯಲ್ಲಿ ಹಾಡಿ ಕಿವಿಯಲ್ಲಿ ಕೇಳುವುದಕ್ಕೇ ಹೇಳಿಮಾಡಿಸಿದಂತಿದೆ ಅವನ ವಾರ್ಧಕ ಷಟ್ಪದಿ. ಅತ್ತ ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಗಮಕಕ್ಕೇ ಹೆಸರಾದ ಹಳ್ಳಿ. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರ ಊರು ಅದು. ಇತ್ತ ಅಜ್ಜಂಪುರಕ್ಕೆ ನೆರೆಯ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ಬಯಲು ರಂಗಮಂದಿರ ತುಂಬ ಹಳ್ಳಿಯ ಜನ ಕೂತು ನಾಟಕ ನೋಡುತ್ತಾರೆ. ಹಳ್ಳಿಯವರಿಗೆ ಸಭೆಯಲ್ಲಿ ಕೂರಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರನ್ನು ಒಮ್ಮೆ ಇಲ್ಲಿಗೆಲ್ಲ ಕರೆದುಕೊಂಡು ಹೋಗಬೇಕು.

ನನ್ನ ಪಾಠ ಎಲ್ಲಾಯಿತು ಎಂದು ಹೇಳಿಬಿಡುತ್ತೇನೆ. ನನಗಾಗ ಹತ್ತೋ ಹನ್ನೊಂದೋ ವಯಸ್ಸು. ರಾಮನವಮಿಯ ಕಛೇರಿ. ಕೋಸಂಬರಿ, ಪಾನಕದ ಆಸೆಗೆ ಹೋಗಿ ಮುಂದೆ ಜಮಖಾನದ ಮೇಲೆ ಕೂತಿದ್ದೆ. ಪಿಟೀಲು ಬಾರಿಸುವವರು ಕೃತಿ ನುಡಿಸತೊಡಗಿದಾಗ ನಾನೂ ತೊಡೆ ಬಾರಿಸತೊಡಗಿದೆ. ಜೋರಾಗಿ, ನನ್ನ ಮನಸ್ಸಿಗೆ ಬಂದ ಕಾಲದಲ್ಲಿ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಗದರಲಿಲ್ಲ. ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು ಮೆಲ್ಲಗೆ ಅದನ್ನು ನಡೆಸಿದರು. ಒಂದು ಪೆಟ್ಟು, ಮೂರು ಬೆರಳೆಣಿಕೆ, ಪೆಟ್ಟು ಹುಸಿ, ಪೆಟ್ಟು ಹುಸಿ. ಆದಿತಾಳದ ಎಂಟು ಎಣಿಕೆ. ನಾಲ್ಕಾರು ಆವರ್ತ ಕಳೆದ ಮೇಲೆ ಕೈ ತೆಗೆದರು. ನನ್ನ ಕೈ ತನ್ನಷ್ಟಕ್ಕೆ ನಡೆಯುತ್ತಿತ್ತು. ಸದ್ದು ಮಾತ್ರ ಇರಲಿಲ್ಲ. ಆವತ್ತು ಪಾನಕ ಮರೆತುಹೋಯಿತು ಎಂದು ಹೇಳಿದರೆ ಸುಳ್ಳಾದೀತು. ಎರಡು ಲೋಟ ಕುಡಿದೆ. ಆದರೆ ಕಛೇರಿ ಮುಗಿಯುವ ತನಕ ಎದ್ದಿರಲಿಲ್ಲ.

ತಾಳ ಹಾಕುವುದು ತಪ್ಪಲ್ಲ, ನಿಮ್ಮ ಕೈಯ ಸದ್ದು ನಿಮ್ಮ ತೊಡೆಗೆ ಮಾತ್ರ ಕೇಳಿಸಲಿ. ಮೃದಂಗದವರು ಬೇಕೆಂದೇ ತಾಳದ ಪೆಟ್ಟಿನಿಂದ ಜಾರಿ, ಸಂದಿಯಲ್ಲಿ ನುಡಿಸಿ, ಲೆಕ್ಕ ಹೆಣೆಯುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ಮುಂದಿನ ಸಾಲಿನಿಂದ ಅರ್ಧ ಎಣಿಕೆ ತಪ್ಪಿದ ಒಂದು ಗಟ್ಟಿ ಪೆಟ್ಟು ಬಿದ್ದರೆ, ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ.

ಇನ್ನು ಕಛೇರಿಯ ಕ್ರಮದಲ್ಲೇ ಹೋಗೋಣ. ಮೊದಲು ಶ್ರುತಿ ಕೂಡಿಸುವುದು. ತಂಬೂರಿಯ ತಂತಿ ತಿರುವುತ್ತಾರೆ, ಮೃದಂಗದ ಅಂಚಿಗೆ ಕಲ್ಲಿನಿಂದ ಮೆಲ್ಲಗೆ ತಟ್ಟುತ್ತಾರೆ, ಎಡಗಡೆಗೆ ಕಲಸಿದ ರವೆ ಹಚ್ಚುತ್ತಾರೆ. ನಮಗೆ ಆ ಹೊತ್ತೇ ಮಾತಿಗೆ ಪ್ರಶಸ್ತವೆಂದು ತೋರುತ್ತದೆ. ಆದರೆ ಗದ್ದಲದಲ್ಲಿ ಶ್ರುತಿ ಕೂಡಿಸುವುದೆಂದರೆ ಜಾತ್ರೆಯಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ದೊಡ್ಡ ಸಭಾಂಗಣದಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಸಂಗೀತ ಸಮಾರಂಭ ನಡೆಯಿತು. ಪಂಡಿತ್ ರವಿಶಂಕರ್, ಉಸ್ತಾದ್ ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಕೂತು ವಾದ್ಯಗಳ ಶ್ರುತಿ ಕೂಡಿಸಿದರು. ಅಷ್ಟಕ್ಕೇ ಸಭೆ ಭೋರೆಂದು ಚಪ್ಪಾಳೆ ತಟ್ಟಿತು. ಶ್ರುತಿ ಮಾಡಿದ್ದನ್ನೇ ಇಷ್ಟು ಮೆಚ್ಚಿದ್ದೀರಿ, ಇನ್ನು ನುಡಿಸುವುದು ಇನ್ನೂ ಹಿಡಿಸೀತು ಎಂದು ರವಿಶಂಕರ್ ನಗುತ್ತ ಹೇಳಿದರು. ಆ ಜನಕ್ಕೆ ತಿಳಿಯದಿದ್ದರೂ ಗಮನವಿತ್ತು. ನಮಗೆ ತಿಳಿದೂ ಗಮನವಿರುವುದಿಲ್ಲ. ಯಾವುದು ವಾಸಿ, ನೀವೇ ಹೇಳಿ.

ಆಮೇಲೆ ರಾಗಾಲಾಪನೆ. ಇಲ್ಲಿ ಮಾತಿಲ್ಲ, ತಾಳವಿಲ್ಲ. ಗಾಯಕರು ಒಂದು ಸ್ವರದ ಮೇಲೆ ನಿಂತು ಮುಂದಿನ ಹೆಜ್ಜೆ ಎಲ್ಲಿಡಲಿ ಎಂದು ಹುಡುಕುತ್ತಿರುತ್ತಾರೆ. ಇಡೀ ಕಛೇರಿಯಲ್ಲಿ ಸೂಕ್ಷ್ಮವಾದ ಹೊತ್ತು ಇದೇ. ಮೊಬೈಲ್ ಮೊಳಗಿದರೆ ಆಗುವ ಹಾನಿ ಬರೀ ಸದ್ದಿನದಲ್ಲ. ಅದಕ್ಕೂ ಒಂದು ಸ್ವರವಿದೆ, ಅದರದೇ ಒಂದು ಶ್ರುತಿಯಿದೆ. ತಂಬೂರಿಯ ಷಡ್ಜಕ್ಕೆ ಕಿವಿ ಕಟ್ಟಿ ಕೂತವರ ಮನಸ್ಸಿನೊಳಕ್ಕೆ ಇನ್ನೊಂದು ಷಡ್ಜ ನುಗ್ಗಿದರೆ, ಕಟ್ಟುತ್ತಿದ್ದ ರಾಗದ ಗೋಡೆ ಓರೆಯಾಗುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಫೋನಿನ ಬಾಯಿಯನ್ನೂ ಕಟ್ಟಿಬಿಡಿ. ಅದನ್ನು ಎತ್ತಿ ಹಿಡಿದು ಚಿತ್ರ ತೆಗೆಯುವುದೂ ಬೇಡ. ಹಿಂದೆ ಕೂತವರಿಗೆ ಆಗ ಗಾಯಕರು ಕಾಣುವುದು ನಿಮ್ಮ ಅಂಗೈಯಗಲದ ಗಾಜಿನಲ್ಲಿ.

ಮೈಕ್ ಇದೆಯಲ್ಲ, ನಾವು ಪಿಸುಗುಟ್ಟಿದರೇನಂತೆ ಎಂದು ಕೆಲವರು ಕೇಳುತ್ತಾರೆ. ಮೈಕ್ ಬರುವ ಮುಂಚೆಯೂ ಕಛೇರಿ ನಡೆಯುತ್ತಿತ್ತು. ತುಂಬಿದ ಸಭೆಯ ಕೊನೆಯವನಿಗೂ ಪಿಟೀಲು ಮುಟ್ಟಲಿ ಎಂದು ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ಕಲಾವಿದರು ಅಷ್ಟು ಮಾಡಿದರು. ಉಳಿದದ್ದನ್ನು ಮಾಡಿದ್ದು ಸಭೆ, ಸುಮ್ಮನಿದ್ದು. ಆ ಕಾಲಕ್ಕೆ ನಿಶ್ಶಬ್ದವೇ ಮೈಕ್.

ಮಗು ಅತ್ತರೆ? ಮಗುವಿಗೆ ಅಳುವ ಹಕ್ಕಿದೆ. ತಾಯಿಯ ಮೇಲೆ ಕಣ್ಣು ಕೆಕ್ಕರಿಸುವ ಹಕ್ಕು ನಮಗಿಲ್ಲ. ಮಕ್ಕಳಿರುವವರು ಬಾಗಿಲ ಬಳಿ ಕೂತರೆ ಎದ್ದು ಹೋಗಿ ಬರುವುದು ಸುಲಭ. ಅವರಿಗೆ ಆ ಜಾಗ ಬಿಟ್ಟುಕೊಡುವುದು ಉಳಿದವರ ಮರ್ಯಾದೆ. ಇಂದು ಬಾಗಿಲ ಬಳಿ ಅಳುವ ಮಗುವೇ ನಾಳೆ ಮುಂದಿನ ಜಮಖಾನಕ್ಕೆ ಬರಬೇಕಾದದ್ದು.

ಚೀಟಿ ಕಳಿಸುವುದು ನಮ್ಮ ಇನ್ನೊಂದು ಚಟ. ದೊಡ್ಡ ರಾಗವೊಂದು ಆಗತಾನೇ ಬಿಚ್ಚಿಕೊಳ್ಳುತ್ತಿರುವಾಗ ವೇದಿಕೆಗೆ ಒಂದು ಚೀಟಿ ಹೋಗುತ್ತದೆ. ಇಂಥ ದೇವರನಾಮ ಹಾಡಿ ಎಂದು ಅದರಲ್ಲಿರುತ್ತದೆ. ಊಟಕ್ಕೆ ಕೂತು ಹುಳಿ ಬಡಿಸುತ್ತಿರುವಾಗಲೇ ಪಾಯಸ ಎಲ್ಲಿ ಎಂದು ಕೂಗಿದ ಹಾಗಾಯಿತಲ್ಲ. ದೇವರನಾಮಗಳಿಗೆ ಜಾಗವಿರುವುದು ಕೊನೆಯಲ್ಲಿ. ಕೇಳುವುದಿದ್ದರೆ ಕಛೇರಿಗೆ ಮೊದಲೇ ಕೇಳಿ. ಹಾಡದಿದ್ದರೆ ಮುನಿಸಿಕೊಳ್ಳಬೇಡಿ.

ಇನ್ನು ತನಿ ಆವರ್ತನ. ಈ ಮಾತು ಹೇಳಲೆಂದೇ ನಾನು ಈ ಭಾಷಣ ಒಪ್ಪಿಕೊಂಡೆ ಎಂದರೂ ತಪ್ಪಿಲ್ಲ. ಮುಖ್ಯ ಕೃತಿ ಮುಗಿಯುತ್ತ ಬಂದು ಗಾಯಕರು ಮೃದಂಗ, ಘಟದವರ ಕಡೆ ತಿರುಗಿದ್ದೇ ತಡ, ಅರ್ಧ ಸಭೆ ಎದ್ದು ಕಾಫಿಯ ಕಡೆಗೆ ಹೊರಡುತ್ತದೆ. ಒಂದೂವರೆ ಗಂಟೆ ಇನ್ನೊಬ್ಬರ ಹಾಡಿಗೆ ಹೆಗಲು ಕೊಟ್ಟವರಿಗೆ ತಮ್ಮದೇ ಎಂದು ಸಿಗುವುದು ಅದೊಂದು ಹತ್ತು ಹದಿನೈದು ನಿಮಿಷ. ಆಗಲೇ ಅವರಿಗೆ ಕಾಣುವುದು ನಮ್ಮ ಬೆನ್ನು. ಒಮ್ಮೆ ಎದ್ದು ಹೋಗದೆ ಕೂತು ನೋಡಿ. ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಾರೆ. ಸರದಿ ಗಿಡ್ಡವಾಗುತ್ತ ಬರುತ್ತದೆ. ಕೊನೆಗೆ ಇಬ್ಬರೂ ಕೂಡಿ ಒಂದೇ ಮುಕ್ತಾಯವನ್ನು ಮೂರು ಸಲ ನುಡಿಸಿ, ಹಾಡಿನ ಎತ್ತುಗಡೆ ಎಲ್ಲಿತ್ತೋ ಸರಿಯಾಗಿ ಅಲ್ಲಿಗೆ ತಂದು ಇಳಿಸುತ್ತಾರೆ. ಗಾಯಕರು ಆ ಸಾಲನ್ನು ಹಿಡಿದುಕೊಳ್ಳುವ ಕ್ಷಣದಲ್ಲಿ ಸಭೆಗೆ ಮೈ ಜುಮ್ಮೆನ್ನುತ್ತದೆ. ಚಪ್ಪಾಳೆಗೆ ಅದೇ ಜಾಗ. ಆ ಜಾಗದಲ್ಲಿ ಕಾಫಿ ಲೋಟ ಕೈಯಲ್ಲಿದ್ದವರಿಗೆ ಚಪ್ಪಾಳೆ ತಟ್ಟಲೂ ಆಗುವುದಿಲ್ಲ.

‘ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ’ ಎಂಬ ಗಾದೆ ನಿಮಗೆ ಗೊತ್ತು. ಅಮೃತಮಹಲ್ ತಳಿಯ ಕಾವಲು ಇರುವ ಅಜ್ಜಂಪುರದಲ್ಲಿ ದನಕರುಗಳ ವಿಷಯ ಎತ್ತುವಾಗ ಹುಷಾರಾಗಿರಬೇಕು, ಆದರೂ ಹೇಳುತ್ತೇನೆ. ಈ ಗಾದೆ ಬೈಯುವುದು ಬಾರಿಸಿದವನನ್ನಲ್ಲ, ಕೇಳಿದವನನ್ನು. ಸಂಗೀತ ಕೆಡಲು ಕೇಳುವವನೂ ಕಾರಣವಾಗಬಲ್ಲ ಎಂದು ನಮ್ಮ ಹಿರಿಯರು ಎಂದೋ ತೀರ್ಮಾನಿಸಿದ್ದರು.

ಇಷ್ಟೆಲ್ಲ ಕೇಳುವವರ ಮೇಲೇ ಹೇಳಿದರೆ ನ್ಯಾಯವಾಗಲಾರದು. ಕಛೇರಿ ಏರ್ಪಡಿಸುವವರಿಗೂ ಒಂದು ಮಾತು ಸಲ್ಲಬೇಕು. ಆರು ಗಂಟೆಗೆ ಎಂದು ಕರೆಯೋಲೆಯಲ್ಲಿ ಅಚ್ಚುಹಾಕಿಸಿ, ಅತಿಥಿಗಳಿಗೆ ಕಾದು, ಏಳಕ್ಕೆ ಸ್ವಾಗತ ಭಾಷಣ ಶುರುಮಾಡಿದರೆ ಮುಂದಿನ ಸಲ ಯಾರು ಆರಕ್ಕೆ ಬರುತ್ತಾರೆ? ಒಮ್ಮೆ ನಾನಿದ್ದ ಸಭೆಯೊಂದರಲ್ಲಿ ಗಾಯಕಿ ಶ್ಲೋಕವೊಂದನ್ನು ರಾಗಮಾಲಿಕೆಯಲ್ಲಿ ಎತ್ತಿಕೊಂಡಿದ್ದರು. ಎರಡು ರಾಗ ಮುಗಿದು ಮೂರನೆಯದಕ್ಕೆ ಹೊರಳುವ ಹೊತ್ತಿಗೆ ವೇದಿಕೆಯ ಮಗ್ಗುಲಿಂದ ಹಾರ, ಶಾಲು, ಹಣ್ಣಿನ ಬುಟ್ಟಿಯ ಮೆರವಣಿಗೆ ಬಂತು. ಮುಖ್ಯ ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿತ್ತಂತೆ. ಸನ್ಮಾನವಾಯಿತು, ಮಾತಾಯಿತು, ಅತಿಥಿಗಳು ಹೊರಟರು. ಅವರ ಜೊತೆಗೆ ಮುಂದಿನ ಎರಡು ಸಾಲು ಎದ್ದು ಹೋಯಿತು. ಗಾಯಕಿ ಉಳಿದ ರಾಗಗಳನ್ನು ಹಾಡಿದ್ದು ಖಾಲಿ ಸೋಫಾಗಳಿಗೆ. ಗೌರವಿಸುತ್ತೇವೆಂದು ಹೊರಟು ಮಾಡುವ ಅಗೌರವ ಇದು. ಸನ್ಮಾನಕ್ಕೆ ಮಂಗಳದ ನಂತರ ಬೇಕಾದಷ್ಟು ಹೊತ್ತಿದೆ. ಮುಂದಿನ ಸಾಲು ಕೊನೆಯವರೆಗೂ ಕೂರುವವರಿಗೆ ಮೀಸಲಾಗಲಿ.

ನಮ್ಮ ತಾಲೂಕುಗಳಿಗೇ ಸೇರಿದ ಇನ್ನೊಂದು ಕಷ್ಟವಿದೆ: ಕೊನೆಯ ಬಸ್ಸು. ಹಳ್ಳಿಯಿಂದ ಬಂದ ರಸಿಕ ಗಡಿಯಾರ ನೋಡುತ್ತ ಚಡಪಡಿಸುತ್ತಾನೆ. ಅರ್ಧಕ್ಕೇ ಎದ್ದರೆ ಕಲಾವಿದರಿಗೆ ನೋವು, ಏಳದಿದ್ದರೆ ರಾತ್ರಿಯೆಲ್ಲ ಬಸ್ ಸ್ಟ್ಯಾಂಡಿನಲ್ಲಿ. ಅವನನ್ನು ಅಶಿಸ್ತಿನವನೆಂದು ನಾನು ಕರೆಯಲಾರೆ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಮೊದಲು ವಿಚಾರಿಸಿ, ಅದಕ್ಕೆ ಅರ್ಧ ಗಂಟೆ ಮುಂಚೆ ಮಂಗಳ ಹಾಡುವಂತೆ ಕಛೇರಿ ಗೊತ್ತುಮಾಡಿದರೆ ಇಬ್ಬರ ಮಾನವೂ ಉಳಿಯುತ್ತದೆ. ಹೋಗಲೇಬೇಕಾದವರು ಹಿಂದೆ ಕೂತು, ಒಂದು ಕೃತಿ ಮುಗಿದು ಇನ್ನೊಂದು ಶುರುವಾಗುವ ಬಿಡುವಿನಲ್ಲಿ ಎದ್ದರೆ ಯಾರಿಗೂ ಅಡ್ಡಿಯಿಲ್ಲ. ತಡವಾಗಿ ಬಂದವರಿಗೂ ಒಳಗೆ ಬರಲು ಅದೇ ಬಿಡುವು.

ತರೀಕೆರೆಯಿಂದ ಹತ್ತಿರವೇ ಇರುವ ಅಮೃತಾಪುರಕ್ಕೆ ನೀವು ಹೋಗಿರುತ್ತೀರಿ. 1196ರಲ್ಲಿ, ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಾಲಯ. ಅಲ್ಲಿಯ ಶಾಸನದ ಪದ್ಯ ಹೊಸೆದವನು ಕವಿ ಜನ್ನ. ಮುಂದಿನ ತೆರೆದ ಮಂಟಪದಲ್ಲಿ, ಕಡೆದ ಕಂಬಗಳ ನಡುವೆ ನಿಂತಾಗ ನನಗೆ ಪ್ರತಿಸಲವೂ ಒಂದು ತೋರುತ್ತದೆ. ಹೊರಗಿನ ಮೋಟುಗೋಡೆಯ ಮೇಲೆ ರಾಮಾಯಣ, ಭಾರತ, ಕೃಷ್ಣಕಥೆಯ ಕೆತ್ತನೆ. ಒಳಬದಿಗೆ ಉದ್ದಕ್ಕೂ ಕೂರಲು ಕಲ್ಲಿನ ಜಗಲಿ. ಅಲ್ಲಿ ಕೂತವರ ಮುಖ ನಡುವಿನ ಅಂಕಣದ ಕಡೆಗೆ. ಕುಣಿಯುವವರಿಗೆ, ಹಾಡುವವರಿಗೆ ನಡುವೆ ಎಡೆ ಬಿಟ್ಟ ಶಿಲ್ಪಿಗಳು ನೋಡುವವರಿಗೆ, ಕೇಳುವವರಿಗೆ ಆಸನ ಮಾಡುವುದನ್ನು ಮರೆಯಲಿಲ್ಲ. ಮಂಟಪಕ್ಕೆ ಕಂಬ ಎಷ್ಟು ಮುಖ್ಯವೋ ಜಗಲಿಯೂ ಅಷ್ಟೇ ಎಂದು ಅವರಿಗೆ ತಿಳಿದಿತ್ತು.

ಪಿಟೀಲು, ಮೃದಂಗ, ಘಟ ಇವನ್ನು ನಾವು ಪಕ್ಕವಾದ್ಯ ಎನ್ನುತ್ತೇವೆ. ಒಳ್ಳೆಯ ಪಕ್ಕವಾದ್ಯದವರು ಗಾಯಕರಿಗಿಂತ ಮುಂದೆ ಓಡುವುದಿಲ್ಲ, ನಡುವೆ ಕೈಬಿಟ್ಟು ಹೋಗುವುದಿಲ್ಲ, ಸುಮ್ಮನಿರಬೇಕಾದಲ್ಲಿ ಸುಮ್ಮನಿರುತ್ತಾರೆ, ಒದಗಬೇಕಾದಲ್ಲಿ ಒದಗುತ್ತಾರೆ. ಎದುರಿಗೆ ಕೂತ ನಾವೂ ಒಂದು ಪಕ್ಕವಾದ್ಯ. ನಮಗಿರುವ ಕಟ್ಟಳೆಯೂ ಅದೇ.

ಬರುವ ರಾಮನವಮಿಗೋ, ಗಣೇಶನ ಹಬ್ಬಕ್ಕೋ, ನಿಮ್ಮೂರಿನ ಜಾತ್ರೆಗೋ ಕಛೇರಿ ಇದ್ದರೆ ಹತ್ತು ನಿಮಿಷ ಮೊದಲೇ ಹೋಗಿ. ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ. ಅವರು ತೊಡೆ ಬಾರಿಸಿದರೆ ಗದರಬೇಡಿ, ಕೈಯ ಮೇಲೆ ಕೈಯಿಟ್ಟು ಎಂಟು ಎಣಿಸಿ ತೋರಿಸಿ. ತನಿ ಮುಗಿಯುವ ತನಕ ಕಾಫಿ ಕಾಯಲಿ.

ನನ್ನ ಮಾತು ಇಲ್ಲಿಗೆ ಮುಗಿಯಿತು. ನೀವು ಇದರ ನಡುವೆ ಎಷ್ಟು ಸಲ ಎದ್ದಿರೋ, ಏನೇನು ಮಾತಾಡಿದಿರೋ ನನಗೆ ಕೇಳಿಸಲಿಲ್ಲ. ಕಛೇರಿಯಲ್ಲಿ ಹಾಡುವವರಿಗೆ ಕೇಳಿಸುತ್ತದೆ, ಅಷ್ಟು ನೆನಪಿರಲಿ.